ನಿಂತಿದ್ದ ಪೊಲೀಸ್ ಕಾರ್ ಪಕ್ಕ ಲೇನ್ ಬದಲಿಸ್ಲಿಲ್ಲ ಅಂತ ಟಿಕೆಟ್ ಬಿತ್ತು, ಇದ್ಯಾವ ಕಾನೂನು ಗುರೂ?

ನೇಪರ್‌ವಿಲ್_ವಾಸಿ
ಇಲಿನಾಯ್‌ನಲ್ಲಿ ಇರೋರು ಸ್ವಲ್ಪ ಹೇಳ್ರಪ್ಪ. ಹೋದ ಶನಿವಾರ ಅರೋರಾ ಬಾಲಾಜಿ ದೇವಸ್ಥಾನಕ್ಕೆ ಹೋಗಿ, ಅಲ್ಲೇ ಪುಳಿಯೋಗರೆ ಕಟ್ಟಿಸ್ಕೊಂಡು ಐ-88 ಹೈವೇಲಿ ವಾಪಸ್ ಬರ್ತಿದ್ದೆ. ಜೊತೇಲಿ ಹೆಂಡ್ತಿ, ಮಗಳು, ಊರಿಂದ ಬಂದಿರೋ ಅಪ್ಪ. ಬಲಗಡೆ ಶೋಲ್ಡರಲ್ಲಿ, ಅಂದ್ರೆ ರಸ್ತೆ ಅಂಚಲ್ಲಿ, ಒಬ್ಬ ಟ್ರೂಪರ್ (ಹೈವೇ ಪೊಲೀಸ್) ಯಾರನ್ನೋ ಹಿಡ್ಕೊಂಡು ನಿಂತಿದ್ದ, ಕೆಂಪು ನೀಲಿ ದೀಪ ಉರೀತಿತ್ತು. ನಾನು ಬಲಗಡೆ ಲೇನಲ್ಲಿ ಲಿಮಿಟ್ ಒಳಗೇ ಹೋಗ್ತಿದ್ದೆ, ಫೋನ್ ಮುಟ್ಟಿರ್ಲಿಲ್ಲ, ಎಲ್ರೂ ಬೆಲ್ಟ್ ಹಾಕ್ಕೊಂಡಿದ್ರು. ನನ್ನ ಪಾಡಿಗೆ ಪಾಸಾದೆ. ಒಂದು ಮೈಲಿ ಹೋಗೋಷ್ಟರಲ್ಲಿ ಹಿಂದೆ ಇನ್ನೊಬ್ಬ ದೀಪ ಹಾಕ್ಕೊಂಡು ಬಂದು ನಿಲ್ಲಿಸ್ದ. ನಾನು ಟೈಲ್ ಲೈಟ್ ಹೋಗಿರ್ಬೇಕು ಅಂದ್ಕೊಂಡೆ. ‘ಸ್ಕಾಟ್ಸ್ ಲಾ’ ಅಂದ. ಯಾರಪ್ಪ ಈ ಸ್ಕಾಟು? ಕಮ್ಮಿ ಅಂದ್ರೆ 250 ಡಾಲರ್ ಅಂತೆ, ಮೇಲೆ ಕೋರ್ಟ್ ಡೇಟ್ ಬೇರೆ.

11 ವರ್ಷದಿಂದ ಇಲ್ಲಿ ಓಡಿಸ್ತಿದೀನಿ, ಪಾರ್ಕಿಂಗ್ ಟಿಕೆಟ್ ಒಂದು ಬಿಟ್ರೆ ಏನೂ ಇಲ್ಲ. ಓಡ್ತಿರೋ ಆಂಬುಲೆನ್ಸ್‌ಗೆ ದಾರಿ ಬಿಡು ಅಂದ್ರೆ ಅರ್ಥ ಆಗುತ್ತೆ, ನಿಂತಿರೋ ಗಾಡಿಗೆ ಯಾಕ್ರೀ ದಾರಿ? ದುಡ್ಡು ಕೀಳೋ ಐಡಿಯಾ ಅಲ್ದೆ ಇನ್ನೇನು ಇದು.

ಹುಬ್ಬಳ್ಳಿ_ಟು_ಡಲ್ಲಾಸ್
ಏನ್ರೀ ಅಣ್ಣಾರ, 11 ವರ್ಷ ಆತು ಅಂತೀರಿ, ಇಷ್ಟೂ ಗೊತ್ತಿಲ್ಲೇನ? ಇದು ಮೂವ್ ಓವರ್ ಲಾ. ನಮ್ಮ ಟೆಕ್ಸಾಸ್‌ನಾಗ 2003ರಿಂದ ಐತಿ. ಪಕ್ಕದ ಲೇನ್ ಖಾಲಿ ಇದ್ರ ಅಲ್ಲಿಗೆ ಹೋಗ್ಬೇಕು, ಇಲ್ಲಾಂದ್ರ ಬೋರ್ಡ್ ಮ್ಯಾಲಿರೋ ಲಿಮಿಟ್‌ಗಿಂತ 20 ಮೈಲು ಕಮ್ಮಿ ಮಾಡ್ಬೇಕು. ಲಿಮಿಟ್ 70 ಇದ್ರ 50. ಲಿಮಿಟ್ಟೇ 25 ಇಲ್ಲಾ ಅದಕ್ಕಿಂತ ಕಮ್ಮಿ ಇದ್ರ ಮಾತ್ರ 5 ಮೈಲಿಗೆ ಇಳಿಸ್ಬೇಕು, ನಡಕೊಂಡ ಹೋದಂಗ.

ಕರಿಕೋಟು
ಸ್ಕಾಟ್ ಯಾರು ಅಂತ ಕೇಳಿದ್ರಲ್ಲ. ಸ್ಕಾಟ್ ಗಿಲೆನ್, ಚಿಕಾಗೊ ಫೈರ್ ಡಿಪಾರ್ಟ್‌ಮೆಂಟಿನ ಲೆಫ್ಟಿನೆಂಟ್. 2000ದ ಡಿಸೆಂಬರ್ 23, ಕ್ರಿಸ್ಮಸ್‌ಗೆ ಇನ್ನು ಎರಡು ದಿನ. ಡ್ಯಾನ್ ರಯಾನ್ ಎಕ್ಸ್‌ಪ್ರೆಸ್‌ವೇಲಿ ಆಕ್ಸಿಡೆಂಟ್ ಆದ ಜಾಗದಲ್ಲಿ ಕೆಲಸ ಮಾಡ್ತಿದ್ದಾಗ ಕುಡಿದು ಓಡಿಸ್ತಿದ್ದವನು ಬಂದು ಗುದ್ದಿ, ಕಾರಿಗೂ ಅವರದ್ದೇ ಫೈರ್ ಟ್ರಕ್ಕಿಗೂ ಮಧ್ಯೆ ಸಿಕ್ಕಿಹಾಕ್ಕೊಂಡು ಸತ್ತೋದ್ರು. ಅದರ ಹಿಂದೆ 2002ರಲ್ಲಿ ಬಂದ ಕಾನೂನು.

250 ಅನ್ನೋದು ಮೊದಲ ಸಲದ್ದು, ಅದೂ ಕನಿಷ್ಠ. ಮೇಲಿನ ಮಿತಿ 10,000. ಎರಡನೇ ಸಲ ಸಿಕ್ಕಿಬಿದ್ರೆ 750ರಿಂದ ಶುರು. ಯಾರಿಗಾದ್ರೂ ಏಟಾದ್ರೆ ಲೈಸೆನ್ಸೂ ಸಸ್ಪೆಂಡ್ ಆಗುತ್ತೆ. ಇನ್ನೊಂದು ವಿಷಯ, ಪೊಲೀಸು ಫೈರು ಆಂಬುಲೆನ್ಸ್ ಅಷ್ಟೇ ಅಲ್ಲ, 2017ರಿಂದ ಹಜಾರ್ಡ್ ಲೈಟ್ ಹಾಕಿ ನಿಂತಿರೋ ಯಾವ ಗಾಡಿಗೂ ಇದೇ ನಿಯಮ. ಹಳೇ ಕೊರೊಲ್ಲಾ ಪಂಚರ್ ಆಗಿ ನಿಂತಿದ್ರೂ ಜಾಗ ಬಿಡಬೇಕು.

ನೇಪರ್‌ವಿಲ್_ವಾಸಿ
ಅಯ್ಯೋ, ಸತ್ತವರ ಹೆಸರು ಅಂತ ಗೊತ್ತಿರ್ಲಿಲ್ಲ. ಹಂಗೆ ಬರೀಬಾರ್ದಿತ್ತು.

ಆದ್ರೂ ನನ್ನ ಪ್ರಶ್ನೆ ಅದೇ. ಎಡಗಡೆ ಲೇನಲ್ಲಿ ಗಾಡಿ ಇತ್ತು. ನಾನು ದಿಢೀರಂತ ಅತ್ತ ನುಗ್ಗಿದ್ರೆ ಆಕ್ಸಿಡೆಂಟ್ ಆಗ್ತಿರ್ಲಿಲ್ವಾ?

ಹುಬ್ಬಳ್ಳಿ_ಟು_ಡಲ್ಲಾಸ್
ನುಗ್ಗು ಅಂತ ಯಾರ್ ಹೇಳ್ಯಾರ? ಸ್ಲೋ ಮಾಡು ಅಂತ ಐತಿ. ಮಾಡಿದ್ರೇನ?

ನೇಪರ್‌ವಿಲ್_ವಾಸಿ
ಲಿಮಿಟ್ ಒಳಗೇ ಇದ್ದೆ ಅಂದೆನಲ್ಲ.

ಕರಿಕೋಟು
ಎಲ್ರೂ ಅಲ್ಲೇ ಎಡವೋದು. ಲಿಮಿಟ್ ಒಳಗಿರೋದು ಬೇರೆ, ಸ್ಲೋ ಮಾಡೋದು ಬೇರೆ. ಇಲಿನಾಯ್‌ನಲ್ಲಿ ಟೆಕ್ಸಾಸ್ ಥರ ಇಷ್ಟೇ ಮೈಲು ಇಳಿಸಿ ಅಂತ ಲೆಕ್ಕ ಇಲ್ಲ, ಆದ್ರೆ ನೀವು ಆಕ್ಸಿಲರೇಟರಿಂದ ಕಾಲು ತೆಗೆದಿದ್ದು ನೋಡೋನಿಗೆ ಕಾಣ್ಬೇಕು.

ಸಿಲ್ಕ್‌ಬೋರ್ಡ್_ಸಂತ್ರಸ್ತ
ನಮ್ಮಲ್ಲಿ ಓಡ್ತಿರೋ ಆಂಬುಲೆನ್ಸ್‌ಗೇ ದಾರಿ ಬಿಡಲ್ಲ, ಬಿಟ್ರೆ ಅದರ ಬಾಲ ಹಿಡ್ಕೊಂಡು ನಾಲ್ಕು ಬೈಕು ಎರಡು ಕ್ಯಾಬು ಹೋಗ್ತವೆ. ನಿಂತಿರೋದರ ಬಗ್ಗೆ ಚರ್ಚೆ ಮಾಡ್ತಿದ್ದೀರಲ್ಲ, ಪುಣ್ಯಾತ್ಮರು ನೀವು.

ವರ್ಜೀನಿಯಾ_ವಿನಯ
ನೇಪರ್‌ವಿಲ್ ಅವರೇ, ನೀವು ಇಲಿನಾಯ್‌ನಲ್ಲಿ ಸಿಕ್ಕಿದ್ದು ನಿಮ್ಮ ಅದೃಷ್ಟ. ನಮ್ಮಲ್ಲಿ 2019ರ ಜುಲೈಯಿಂದ ಎಮರ್ಜೆನ್ಸಿ ಗಾಡಿಗೆ ಜಾಗ ಬಿಡದೇ ಹೋದ್ರೆ ರೆಕ್ಲೆಸ್ ಡ್ರೈವಿಂಗ್ ಅಂತ ಬರೀತಾರೆ, ಅದು ಕ್ರಿಮಿನಲ್. ಜೈಲು 12 ತಿಂಗಳವರೆಗೂ ಹಾಕ್ಬಹುದು, ದಂಡ 2,500 ಡಾಲರ್ ತನಕ. ನಮ್ ಆಫೀಸಲ್ಲಿ ಎಚ್‌1ಬಿ ವೀಸಾ ಮೇಲಿರೋ ಹುಡುಗ ಒಬ್ಬ ಈ ಕೇಸಲ್ಲಿ ಸಿಕ್ಕು ಎರಡು ತಿಂಗಳು ನಿದ್ದೆ ಮಾಡ್ಲಿಲ್ಲ ಪಾಪ.

ಸುಮ್ನೆ_ನೋಡೋಳು
ಎಚ್‌1ಬಿ ಸ್ಟಾಂಪಿಂಗ್‌ಗೆ ತೊಂದ್ರೆ ಆಗುತ್ತಾ?? ನಾನೂ ಎಷ್ಟು ಸಲ ಹಂಗೇ ಹೋಗಿದೀನೋ ಲೆಕ್ಕ ಇಲ್ಲ 😬

ಕರಿಕೋಟು
ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತೆ, ಇಲ್ಲಿ ಬರೆದಿದ್ದು ನಂಬ್ಕೊಂಡು ಕೂರ್ಬೇಡಿ, ಅಲ್ಲಿನ ಲಾಯರನ್ನೇ ಕೇಳಿ. ಆನ್‌ಲೈನಲ್ಲಿ ದುಡ್ಡು ಕಟ್ಟಿ ಕೈ ತೊಳ್ಕೊಳ್ಳೋದು ಮಾತ್ರ ಬೇಡ, ಕಟ್ಟಿದ್ರೆ ತಪ್ಪು ಒಪ್ಕೊಂಡಂಗೆ.

ಬೀದಿಬಸವ
ನಾನು ಮೂಲ ಪೋಸ್ಟ್ ಹಾಕಿದವರ ಪರ. ಕಾನೂನು ಮಾಡೋರು ಜನಕ್ಕೆ ಹೇಳ್ಬೇಕು. ಹೈವೇಲಿ ಎಲ್ಲೋ ಒಂದು ಕಡೆ ಬೋರ್ಡ್ ಹಾಕಿ ಮುಗಿಸ್ತಾರೆ. ರಾಜ್ಯಕ್ಕೊಂದು ಲೆಕ್ಕ. ಟೆಕ್ಸಾಸಲ್ಲಿ 20, ಮಿಶಿಗನ್ನಲ್ಲಿ 10, ಇಲಿನಾಯ್‌ನಲ್ಲಿ ‘ನೋಡ್ಕೊಂಡು ಇಳಿಸಿ’. ಮಿಶಿಗನ್ನಿಂದ ಚಿಕಾಗೊಗೆ ಬರೋವಾಗ ಇಂಡಿಯಾನಾ ಒಂದು ಮಧ್ಯೆ ಸಿಗುತ್ತೆ, ಮೂರು ಕಾನೂನು ಬಾಯಿಪಾಠ ಮಾಡ್ಕೊಂಡು ಗಾಡಿ ಹತ್ತಬೇಕಾ? ಟ್ರೂಪರ್‌ಗೆ ಟಿಕೆಟ್ ಬರೆಯೋಕೆ ಮಾತ್ರ ಸುಲಭ, ತಾನೇ ಬಲೆ ಹಾಕಿ ಇನ್ನೊಬ್ಬನ್ನ ಮುಂದೆ ಕೂರಿಸಿರ್ತಾನೆ. ಐ-88ರಲ್ಲಿ ಆಗಿದ್ದು ಅದೇ, ಪಕ್ಕಾ.

ಹುಬ್ಬಳ್ಳಿ_ಟು_ಡಲ್ಲಾಸ್
ಬಸವಣ್ಣ, ನೀ ಒಮ್ಮೆ ಶೋಲ್ಡರ್ ಮ್ಯಾಲೆ ಕುಂತು ಟೈರ್ ಬಿಚ್ಚು. ಆಮ್ಯಾಲೆ ಮಾತಾಡು.

ನಂದು ಹೇಳ್ತೇನಿ ಕೇಳು. ಐ-35ನ್ಯಾಗ ವೇಕೊ ದಾಟಿ ಎಡಗಡೆ ಹಿಂದಿನ ಟೈರ್ ಹೋತು. ಎಡಗಡೆ ಅಂದ್ರ ಟ್ರಾಫಿಕ್ ಕಡೆ. ಜಾಕ್ ಏರ್ಸಿ, ನಟ್ ಬಿಚ್ಚಿ ವೀಲ್ ಕಪ್ಪಿನ್ಯಾಗ ಹಾಕಿ ಪಕ್ಕಕ್ಕ ಇಟ್ಟಿದ್ದೆ. ಒಂದು ಹದಿನೆಂಟು ಗಾಲಿ ಟ್ರಕ್ ಹೋತು ನೋಡು, ಬಿಳಿ ಗೆರಿಯಿಂದ ಒಂದು ಗೇಣು ಆಚೆ ಇರಬೇಕು ಅಷ್ಟ. ಮೊದ್ಲ ಗಾಳಿ ನನ್ನ ಹಿಂದಕ್ಕ ದಬ್ಬಿತು, ಆಮ್ಯಾಲೆ ರಸ್ತೆ ಕಡೆ ಎಳೀತು. ಕಾರು ಜಾಕಿನ ಮ್ಯಾಲೆ ತೊಟ್ಟಿಲ ತೂಗಿದಂಗ ತೂಗ್ತು. ಕಪ್ಪು ಉರುಳಿ ಐದೂ ನಟ್ ಲೇನಿನ್ಯಾಗ ಹೋದ್ವು. ಗುಡ್ಡದ ಹುಲ್ಲಿನ್ಯಾಗ ಕುಂತು ಟೋ ಟ್ರಕ್ಕಿನವ ಬರೋತನಕ ಕಾದೆ, ಕೈ ನಡುಗೂದು ನಿಲ್ಲಲಿಲ್ಲ. ಆ ಟೋದವ ಬಂದವ್ನ ಮೊದ್ಲ ಏನ್ ಮಾಡಿದ ಗೊತ್ತೇನ, ನನ್ನ ಟೈರ್ ನೋಡಲಿಲ್ಲ, ತನ್ನ ಟ್ರಕ್ ಮುಂದಿನ ಗಾಲಿ ಓರೆ ತಿರುಗಿಸಿ ನಿಲ್ಲಿಸಿದ. ಯಾರರ ಹಿಂದಿಂದ ಗುದ್ದಿದ್ರ ಟ್ರಕ್ ನಮ್ಮ ಮ್ಯಾಲೆ ಬರಬಾರದು, ಆಚೆ ಹೋಗ್ಬೇಕು ಅಂತ. ಅವ್ನಿಗೆ ಅದು ದಿನಾ ಮಾಡೋ ಕೆಲಸ.

ಸುಮ್ನೆ_ನೋಡೋಳು
ಓದಿ ಮೈ ಜುಂ ಅಂತು.

ಮೆಲ್ಬರ್ನ್_ಮಲ್ನಾಡ್
ಸ್ಲೋ ಮಾಡೋದು ಸರಿನೇ, ಎಷ್ಟು ಅನ್ನೋದರಲ್ಲಿ ಜಗಳ ಇದೆ. ಇಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2017ರ ಜುಲೈಯಿಂದ 40 ಕಿಲೋಮೀಟರಿಗೆ ಇಳಿಸ್ಲೇಬೇಕು, ಫ್ರೀವೇ ಆದ್ರೂ ಅಷ್ಟೆ. 100ರಲ್ಲಿ ಹೋಗ್ತಿದ್ದವನು ತಿರುವು ದಾಟಿದ ಕೂಡ್ಲೆ ನೀಲಿ ದೀಪ ಕಂಡ್ರೆ 40ಕ್ಕೆ ತರಬೇಕು. ತರ್ತೀನಿ ನಾನು, ಹಿಂದೆ ಬರ್ತಿರೋ ಲಾರಿಯವನು? ಕನ್ನಡಿ ತುಂಬಾ ಅವನ ರೇಡಿಯೇಟರ್ ಗ್ರಿಲ್ಲೇ ಕಾಣ್ತಿರುತ್ತೆ. ಪಕ್ಕದ ನ್ಯೂ ಸೌತ್ ವೇಲ್ಸ್‌ನವರು 2018ರಲ್ಲಿ ಹಿಂಗೇ 40 ಅಂತ ತಂದು, ಒಂದೇ ವರ್ಷಕ್ಕೆ ತಿದ್ದಿದ್ರು. ಈಗ ಅಲ್ಲಿ 80 ಅಥ್ವಾ ಕಮ್ಮಿ ಲಿಮಿಟ್ ಇರೋ ರಸ್ತೆಗೆ ಮಾತ್ರ 40, ಅದಕ್ಕಿಂತ ಜೋರಿನ ರಸ್ತೆಲಿ ಪರಿಸ್ಥಿತಿ ನೋಡ್ಕೊಂಡು ಇಳಿಸಿ, ಆದ್ರೆ ಲೇನ್ ಬಿಟ್ಟು ಹೋಗಿ ಅಂತ. ಸೌತ್ ಆಸ್ಟ್ರೇಲಿಯಾದಲ್ಲಿ 25 ಕಿಲೋಮೀಟರು! ಎತ್ತಿನಗಾಡಿ ಓವರ್‌ಟೇಕ್ ಮಾಡುತ್ತೆ.

ಬೀದಿಬಸವ
ಇದನ್ನೇ ನಾನು ಹೇಳಿದ್ದು. ಕಾನೂನೇ ಆಕ್ಸಿಡೆಂಟ್ ಮಾಡಿಸುತ್ತೆ.

ಮೆಲ್ಬರ್ನ್_ಮಲ್ನಾಡ್
ನಾನು ಹೇಳಿದ್ದು ಅದಲ್ಲ ಮಾರಾಯ. 40 ಅತಿ ಆಯ್ತು ಅಂದೆ, ಬೇಡ ಅನ್ಲಿಲ್ಲ. 100ರಲ್ಲಿ ಹೋಗೋ ಗಾಡಿ ಒಂದು ಸೆಕೆಂಡಿಗೆ 28 ಮೀಟರ್ ಹೋಗಿರುತ್ತೆ. ಎರಡು ಸೆಕೆಂಡ್ ನೀನು ‘ಏನಾಗಿದೆ ಅಲ್ಲಿ’ ಅಂತ ಕತ್ತು ತಿರುಗಿಸಿದ್ರೆ 56 ಮೀಟರ್ ಕಣ್ಣು ಮುಚ್ಕೊಂಡು ಓಡಿಸ್ದಂಗೆ. ಕಣ್ಣು ಎತ್ತ ಹೋಗುತ್ತೋ ಸ್ಟಿಯರಿಂಗೂ ಸ್ವಲ್ಪ ಅತ್ತಲೇ ವಾಲುತ್ತೆ, ಸೈಕಲ್ ಕಲಿಯೋವಾಗ ಗುಂಡಿ ನೋಡ್ತಾ ನೋಡ್ತಾ ಗುಂಡಿಗೇ ಬೀಳ್ತಿದ್ವಲ್ಲ ಹಂಗೆ.

ಕುಡ್ಲದ_ಕುವರ
ನೀವೆಲ್ಲ ಫಾರಿನ್‌ನವರು ಮಾತಾಡ್ತಿದ್ದೀರಿ, ನಮ್ಮ ಊರಿನ ಮೂವ್ ಓವರ್ ಲಾ ಕೇಳಿ ಮಾರಾಯ್ರೆ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತ್ರೆ ಹಿಂದೆ ಎರಡು ಸೊಪ್ಪಿನ ಕೊಂಬೆ, ನಾಲ್ಕು ಕಲ್ಲು. ಅಷ್ಟೇ ಸಿಗ್ನಲ್. ಹಗಲಾದ್ರೆ ಸೊಪ್ಪು ಕಾಣ್ತದೆ, ರಾತ್ರಿ ಮಳೆಗೆ ಎಂತದ್ದೂ ಕಾಣುದಿಲ್ಲ. ಲಾರಿ ರಿಪೇರಿ ಆಗಿ ಹೋದ ಮೇಲೆ ಕಲ್ಲು ಅಲ್ಲೇ ಇರ್ತದೆ, ಅದು ಬೈಕಿನವರಿಗೆ ಉಡುಗೊರೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ತ್ರಿಕೋನದ ರಿಫ್ಲೆಕ್ಟರ್ ಇರುತ್ತಲ್ಲ ಕಾರ್ ಜೊತೆ. ನಮ್ಮ ಮಾವ ಅದನ್ನ ಪ್ಲಾಸ್ಟಿಕ್ ಕವರ್ ಸಮೇತ ಜೋಪಾನವಾಗಿ ಇಟ್ಟಿದ್ದಾರೆ. ಮಾರೋವಾಗ ‘ಸೀಲ್ ಕೂಡ ಒಡೆದಿಲ್ಲ’ ಅಂತ ತೋರಿಸ್ಬೇಕಂತೆ.

ತೊರೆಸಾಲು
ಇಲ್ಲಿ ಒಂದು ಮಾತು ಹೇಳ್ಬೇಕು ಅನ್ನಿಸ್ತು. ನಾನು 108ರಲ್ಲಿ ಆರು ವರ್ಷ ಇಎಂಟಿ, ಅಂದ್ರೆ ಪೇಶೆಂಟ್ ನೋಡ್ಕೊಳೋ ಸಿಬ್ಬಂದಿ, ಆಗಿದ್ದೆ, ತುಮಕೂರು ಕಡೆ. ಜನ ಅಂದ್ಕೊಳೋದು ಆಂಬುಲೆನ್ಸ್ ಓಡ್ತಿರೋವಾಗ ಅಪಾಯ ಅಂತ. ನಮಗೆ ಭಯ ಇರ್ತಿದ್ದಿದ್ದು ನಿಂತಾಗ. ಶಿರಾ ಹತ್ರ ಹೈವೇಲಿ ರಾತ್ರಿ ಎರಡು ಗಂಟೆ, ಟಿಟಿ ಪಲ್ಟಿಯಾಗಿತ್ತು. ಹಿಂದಿನ ಬಾಗಿಲು ಎರಡೂ ತೆರೆದು ಸ್ಟ್ರೆಚರ್ ಅರ್ಧ ಎಳೆದಿದ್ದೀವಿ, ನನ್ನ ಬೆನ್ನು ರಸ್ತೆಗೆ. ಒಂದು ಕೈಲಿ ಪೇಶೆಂಟ್ ಕುತ್ತಿಗೆ ಅಲುಗಾಡದಂಗೆ ಹಿಡಿದಿರ್ತೀವಿ, ಬಿಟ್ಟು ಓಡೋಕಾಗಲ್ಲ. ನಮ್ಮ ಪೈಲಟ್, ಅಂದ್ರೆ ಡ್ರೈವರ್ರು, 108ರಲ್ಲಿ ಪೈಲಟ್ ಅಂತೀವಿ, ಅವರು ಐವತ್ತು ಹೆಜ್ಜೆ ಹಿಂದೆ ಹೋಗಿ ಮೊಬೈಲ್ ಟಾರ್ಚ್ ಬೀಸ್ತಾ ನಿಂತಿದ್ರು. ಅವರು ಕೂಗಿದ್ದು ಕೇಳ್ತು, ಅಷ್ಟೆ. ಒಂದು ಕಾರು ತೆರೆದಿದ್ದ ಬಾಗಿಲಿಗೆ ತಾಗಿಸ್ಕೊಂಡು ಹೋಯ್ತು. ಬಾಗಿಲು ಹಿಂಜ್ ಸಮೇತ ಕಿತ್ತು ಬಂತು. ನನಗೂ ಅದಕ್ಕೂ ಒಂದು ಮಾರು ದೂರ. ಕಾರಿನವನು ನಿಲ್ಲಿಸ್ಲಿಲ್ಲ. ಆ ಬಾಗಿಲನ್ನ ಹಗ್ಗದಲ್ಲಿ ಕಟ್ಕೊಂಡು ಆಸ್ಪತ್ರೆಗೆ ಹೋದ್ವಿ.

ಕಾನೂನು ಅಂತೀರಿ. ನಮ್ಮಲ್ಲಿ 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆಗಿ ಸೆಕ್ಷನ್ 194ಇ ಬಂತು, ಆಂಬುಲೆನ್ಸ್, ಫೈರ್ ಎಂಜಿನ್ನಿಗೆ ದಾರಿ ಬಿಡದಿದ್ರೆ 10,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಅದು ಬರ್ತಿರೋ ಗಾಡಿಗೆ ಪಕ್ಕಕ್ಕೆ ಸರಿಯೋ ವಿಷಯ. ನಿಂತಿರೋ ಗಾಡಿ ಪಕ್ಕ ನಿಧಾನ ಹೋಗಿ ಅಂತ ಅದರಲ್ಲಿ ಒಂದಕ್ಷರ ಇಲ್ಲ.

ಸುಮ್ನೆ_ನೋಡೋಳು
ಪೇಶೆಂಟ್ ಉಳಿದ್ರಾ?

ತೊರೆಸಾಲು
ಉಳಿದ್ರು. ಆರು ತಿಂಗಳಾದ್ಮೇಲೆ ಒಂದು ಚೀಲ ಕಡ್ಲೆಕಾಯಿ ತಂದು ಕೊಟ್ಟು ಹೋದ್ರು.

ಕರಿಕೋಟು
ಅಹಮದಾಬಾದ್ ನೆನಪಿದ್ಯಾ ಯಾರಿಗಾದ್ರೂ? 2023ರ ಜುಲೈ, ಇಸ್ಕಾನ್ ಫ್ಲೈಓವರ್. ಮೊದಲನೇ ಆಕ್ಸಿಡೆಂಟ್ ನೋಡೋಕೆ ಜನ ಸೇರಿದ್ರು, ಪೊಲೀಸರೂ ಬಂದಿದ್ರು. ಆ ಗುಂಪಿನ ಮೇಲೆ ಒಂದು ಜಾಗ್ವಾರ್ ಕಾರು ನುಗ್ತು. 9 ಜನ ಹೋದ್ರು, ಅದರಲ್ಲಿ ಡ್ಯೂಟಿ ಮೇಲಿದ್ದ ಪೊಲೀಸ್ ಕಾನ್‌ಸ್ಟೇಬಲ್ಲು, ಹೋಮ್‌ಗಾರ್ಡೂ ಇದ್ರು.

ಬೀದಿಬಸವ
ಅಲ್ಲಿ ಜನ ಗುಂಪುಗಟ್ಟಿದ್ದು ತಪ್ಪಲ್ವಾ? ಫ್ಲೈಓವರ್ ಮೇಲೆ ರಾತ್ರಿ ನಿಂತ್ಕೊಂಡು ನೋಡೋಕೆ ಏನಿತ್ತು?

ಕರಿಕೋಟು
ಅದೂ ತಪ್ಪೇ. ಆದ್ರೆ ‘ನೀನ್ಯಾಕೆ ಅಲ್ಲಿ ನಿಂತಿದ್ದೆ’ ಅನ್ನೋ ಮಾತಿಂದಲೇ ಈ ಕಾನೂನು ಹುಟ್ಟಿದ್ದು, ಗೊತ್ತಾ? 1994, ಸೌತ್ ಕೆರೊಲೈನಾ. ಜೇಮ್ಸ್ ಗಾರ್ಸಿಯಾ ಅಂತ ಪ್ಯಾರಾಮೆಡಿಕ್, ಆಕ್ಸಿಡೆಂಟ್ ಜಾಗದಲ್ಲಿ ಕೆಲಸ ಮಾಡ್ತಿದ್ದಾಗ ಅವರಿಗೇ ಕಾರು ಗುದ್ದಿತು. ರಿಪೋರ್ಟಲ್ಲಿ ತಪ್ಪು ಅವರದ್ದೇ ಅಂತ ಬರೆದ್ರು! ಆ ಮನುಷ್ಯ ಬಿಡ್ಲಿಲ್ಲ, ಹಠ ಹಿಡಿದು ಓಡಾಡಿ 1996ರಲ್ಲಿ ಕಾನೂನು ಮಾಡಿಸಿದ್ರು. ಅಲ್ಲಿಂದ ಒಂದೊಂದೇ ರಾಜ್ಯ ಸೇರಿ 2012ಕ್ಕೆ ಹವಾಯಿಯೂ ಬಂತು, ಅಲ್ಲಿಗೆ 50ಕ್ಕೆ 50.

ಬೀದಿಬಸವ
ಸರಿ, ಆ ಕಥೆ ಗೊತ್ತಿರ್ಲಿಲ್ಲ. ಆದ್ರೂ ಒಂದು ಬೋರ್ಡ್ ಜಾಸ್ತಿ ಹಾಕಿದ್ರೆ ಗಂಟೇನು ಹೋಗುತ್ತೆ ಅಂತ ಕೇಳ್ತಿದೀನಿ.

ಸ್ಟುಟ್‌ಗಾರ್ಟ್_ಸುಬ್ಬಿ
ಜರ್ಮನೀಲಿ ಇನ್ನೊಂದು ಮಜಾ. ಆಟೋಬಾನಲ್ಲಿ ಜಾಮ್ ಆಗೋಕೆ ಶುರು ಆದ ತಕ್ಷಣ, ಆಂಬುಲೆನ್ಸ್ ಇನ್ನೂ ಎಲ್ಲಿದೆಯೋ, ಸೈರನ್ನೂ ಕೇಳ್ಸಿರಲ್ಲ, ಎಡಗಡೆ ಲೇನವರು ಎಡಕ್ಕೆ, ಮಿಕ್ಕವರೆಲ್ಲ ಬಲಕ್ಕೆ ಒತ್ಕೊಂಡು ಮಧ್ಯ ದಾರಿ ಮಾಡಿ ನಿಲ್ಬೇಕು. ಬೈತಲೆ ತೆಗೆದಂಗೆ. ರೆಟ್ಟುಂಗ್ಸ್‌ಗಾಸೆ ಅಂತಾರೆ. ಮಾಡದೇ ಇದ್ರೆ 200 ಯೂರೋದಿಂದ ಶುರು, ಲೈಸೆನ್ಸ್ ಮೇಲೆ ತಪ್ಪಿನ ಎರಡು ಪಾಯಿಂಟು, ಒಂದು ತಿಂಗಳು ಗಾಡಿ ಮುಟ್ಟಂಗಿಲ್ಲ. ಮೊದಲ ಸಲ ನೋಡಿದಾಗ ಅಳು ಬಂತು ಸತ್ಯವಾಗ್ಲೂ. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಊರಲ್ಲಿ ಒಂದು ಮದುವೆ ದಿಬ್ಬಣ ಅಡ್ಡ ಸಿಕ್ಕಿ ಇಪ್ಪತ್ತು ನಿಮಿಷ ನಿಂತಿದ್ವಿ, ಅದು ನೆನಪಾಯ್ತು.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಮಧ್ಯ ಅಷ್ಟು ಜಾಗ ಬಿಟ್ರೆ ನಮ್ಮಲ್ಲಿ ಅದು ಹೊಸ ಬೈಕ್ ಲೇನ್.

ಕುಡ್ಲದ_ಕುವರ
ಪಾನಿಪೂರಿ ಗಾಡಿ ಬಿಟ್ರಿ 😂

ಟೊರೊಂಟೊ_ತಿಮ್ಮ
ಇಲ್ಲಿ ಕೆನಡಾದ ಒಂಟಾರಿಯೋದಲ್ಲಿ ದಂಡ 400ರಿಂದ 2,000 ಡಾಲರ್, ಮೂರು ಡಿಮೆರಿಟ್ ಪಾಯಿಂಟ್. ಟೋ ಟ್ರಕ್ಕಿಗೂ ಇದೆ, ಹಳದಿ ದೀಪ ಹಾಕಿ ನಿಂತಿದ್ರೆ. ನಂಗೂ ಬಿದ್ದಿದೆ, ನಾಚಿಕೆ ಏನಿಲ್ಲ. ಅಂದ ಹಾಗೆ ಮಕ್ಕಳನ್ನ ಹತ್ತಿಸ್ತಾ ಇಳಿಸ್ತಾ ನಿಂತಿರೋ ಸ್ಕೂಲ್ ಬಸ್ಸಿಂದೂ ಇದೇನಾ? ಅಮೆರಿಕದಲ್ಲಿ ಎದುರು ಕಡೆಯವರೂ ನಿಲ್ಬೇಕಾ?

ಕರಿಕೋಟು
ಅದು ಬೇರೆ ಕಾನೂನು, ಅದಕ್ಕೆ ಪೂರ್ತಿ ನಿಲ್ಲಿಸ್ಬೇಕು, ಸ್ಲೋ ಅಲ್ಲ. ಇಲಿನಾಯ್‌ನಲ್ಲಿ ನಾಲ್ಕು ಲೇನಿನ ರಸ್ತೆ ಆದ್ರೆ ಎದುರಿಂದ ಬರೋರು ನಿಲ್ಬೇಕಿಲ್ಲ, ಎರಡು ಲೇನ್ ಆದ್ರೆ ನಿಲ್ಲಲೇಬೇಕು. ದಯವಿಟ್ಟು ಇದಕ್ಕೆ ಬೇರೆ ಥ್ರೆಡ್ ಮಾಡಿ, ಇಲ್ಲಿ ಶುರುವಾದ್ರೆ ಮುಗಿಯಲ್ಲ.

ಹೊಸಬ_2
ಪೊಲೀಸ್ ನಿಲ್ಲಿಸ್ದಾಗ ಕೆಳಗೆ ಇಳಿದು ಹೋಗಿ ಮಾತಾಡ್ಬೇಕಾ? ನಾನು ಬಂದು ಎರಡು ತಿಂಗಳು.

ವರ್ಜೀನಿಯಾ_ವಿನಯ
ಅಪ್ಪಿತಪ್ಪಿ ಇಳೀಬೇಡ ತಮ್ಮಾ!! ಗಾಜು ಇಳಿಸು, ಕೈ ಎರಡೂ ಸ್ಟಿಯರಿಂಗ್ ಮೇಲೆ. ಊರಲ್ಲಿ ಮಾಡ್ದಂಗೆ ಇಳಿದು ಹೋಗಿ ‘ಸಾರ್ ಸಾರ್’ ಅಂದ್ರೆ ಬೇರೆನೇ ಆಗುತ್ತೆ.

ನೇಪರ್‌ವಿಲ್_ವಾಸಿ
ಎಲ್ರೂ ಇಷ್ಟು ಬರೆದಿದ್ದು ನೋಡಿ ಒಂದು ವಿಷಯ ಹೇಳಿಬಿಡ್ತೀನಿ, ಮೊದಲ ಪೋಸ್ಟಲ್ಲಿ ಬೇಕಂತಲೇ ಬಿಟ್ಟಿದ್ದೆ. ನಮ್ಮಪ್ಪ ಕೆಎಸ್ಆರ್‌ಟಿಸಿ ಡ್ರೈವರ್ ಆಗಿ ರಿಟೈರ್ ಆದವರು, ಹೆಚ್ಚುಕಮ್ಮಿ ಮೂವತ್ತು ವರ್ಷ, ಅರ್ಧ ಸರ್ವೀಸು ಶಿರಾಡಿ ಘಾಟಲ್ಲೇ. ಅವತ್ತು ಮುಂದಿನ ಸೀಟಲ್ಲಿ ಕೂತಿದ್ರು. ದೀಪ ದೂರದಿಂದ ಕಂಡ ಕೂಡ್ಲೆ ‘ಎಡಕ್ಕೆ ತಗೊಳೋ’ ಅಂದ್ರು. ನಾನು ‘ಇಲ್ಲಿ ಹಂಗೆಲ್ಲ ಬೇಕಾಗಲ್ಲಪ್ಪಾ, ಲೇನ್ ಡಿಸಿಪ್ಲಿನ್ ಇದೆ’ ಅಂದೆ. ಅವರು ಸುಮ್ನಾದ್ರು. ಆದ್ರೆ ಅವರ ಬಲಗಾಲು ನೋಡಿದೆ, ಇಲ್ಲದಿರೋ ಬ್ರೇಕ್ ಒತ್ತುತಾ ಇತ್ತು.

ಮತ್ತೆ, ಎಡಗಡೆ ಗಾಡಿ ಇತ್ತು ಅಂದೆನಲ್ಲ. ಇತ್ತು, ಆದ್ರೆ ತುಂಬಾ ಹಿಂದೆ ಇತ್ತು. ಹೋಗಬಹುದಿತ್ತು.

ಹುಬ್ಬಳ್ಳಿ_ಟು_ಡಲ್ಲಾಸ್
ಹಾಂ, ಈಗ ಬಂತು ನೋಡ್ರಿ ಖರೇ ಮಾತು.

ತೊರೆಸಾಲು
ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ ಸಾರ್. ಬಸ್ ಡ್ರೈವರ್‌ಗಳು ಎಷ್ಟೋ ಸಲ ನಮ್ಮ ಆಂಬುಲೆನ್ಸ್ ಹಿಂದೆ ಬಸ್ ಅಡ್ಡ ನಿಲ್ಲಿಸಿ ಇಂಡಿಕೇಟರ್ ಹಾಕಿ ಕಾವಲು ಕೊಟ್ಟಿದ್ದಾರೆ. ಪ್ಯಾಸೆಂಜರ್ ಬೈದ್ರೂ ತೆಗೀತಿರ್ಲಿಲ್ಲ.

ನೇಪರ್‌ವಿಲ್_ವಾಸಿ
ಹೇಳ್ದೆ. ‘ಯಾವ ಡಿಪೋ ಕಡೆ ಕೇಳು’ ಅಂತಿದ್ದಾರೆ.

ತೊರೆಸಾಲು
ತುಮಕೂರು, ಶಿರಾ ಎರಡೂ ಕಡೆಯವರು ಇದ್ರು ಸಾರ್.

ಬೀದಿಬಸವ
ಬೋರ್ಡ್ ವಿಷಯಕ್ಕೆ ಯಾರೂ ಉತ್ತರ ಕೊಡ್ಲಿಲ್ಲ ಅಂತ ಮಾತ್ರ ನೆನಪಿಟ್ಕೊಳ್ಳಿ.

ನೇಪರ್‌ವಿಲ್_ವಾಸಿ *(ಐದು ವಾರದ ನಂತರ)*
ಅಪ್‌ಡೇಟ್ ಕೇಳಿದ್ದವರಿಗೆ: ಇವತ್ತು ಕೋರ್ಟ್ ಇತ್ತು. ಸೂಪರ್‌ವಿಷನ್ ಕೊಟ್ರು (ಅಂದ್ರೆ ಸ್ವಲ್ಪ ಕಾಲ ಮತ್ತೆ ತಪ್ಪು ಮಾಡದಿದ್ರೆ ಅಪರಾಧಿ ಅಂತ ರೆಕಾರ್ಡಿಗೆ ಸೇರಲ್ಲ), ದಂಡ ಕಟ್ಟಿದೆ, ನಾಲ್ಕು ಗಂಟೆ ಟ್ರಾಫಿಕ್ ಕ್ಲಾಸ್ ಮಾಡ್ಬೇಕು. ಅಪ್ಪ ನಾನೂ ಬರ್ತೀನಿ ಅಂತ ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದಿದ್ರು. ವಾಪಸ್ ಬರೋವಾಗ ಶೋಲ್ಡರಲ್ಲಿ ಒಂದು ಟೋ ಟ್ರಕ್ ನಿಂತಿತ್ತು. ಅರ್ಧ ಮೈಲಿ ಮುಂಚೆನೇ ಇಂಡಿಕೇಟರ್ ಹಾಕಿ ಎಡಕ್ಕೆ ಹೋದೆ. ಅಪ್ಪ ಏನೂ ಅನ್ಲಿಲ್ಲ, ಹಿಂದಿನ ಸೀಟಿಂದ ಮಗಳು ‘ಅಜ್ಜ, ಅಪ್ಪ ಸರಿಯಾಗಿ ಮಾಡಿದ್ರಾ?’ ಅಂದ್ಲು. ‘ಇನ್ನೂ ಸ್ವಲ್ಪ ಬೇಗ ಹಾಕ್ಬೇಕಿತ್ತು ಇಂಡಿಕೇಟರು’ ಅಂದ್ರು.

ಕುಡ್ಲದ_ಕುವರ
ಪುಳಿಯೋಗರೆ ಎಂತ ಆಯ್ತು ಅವತ್ತು?

ನೇಪರ್‌ವಿಲ್_ವಾಸಿ
ಟ್ರೂಪರ್ ಟಿಕೆಟ್ ಬರೆಯೋಷ್ಟರಲ್ಲಿ ಮಗಳು ಅರ್ಧ ಖಾಲಿ ಮಾಡಿದ್ಲು.